ಒಂದು ಸ್ವರ ಕಡಿಮೆ

ದೊಡ್ಡಮ್ಮನ ಬಲಪಾದದ ಮೇಲೆ, ಹರಡಿನಿಂದ ಬೆರಳುಗಳವರೆಗೆ, ಚರ್ಮ ಬಿಳುಪೇರಿ ಮಿರುಗುತ್ತಿತ್ತು. ಹಾಲಿನ ಕೆನೆಯನ್ನು ಬೆರಳಿನಿಂದ ಸರಿಸಿದರೆ ಹೇಗೆ ನೆರಿಗೆ ಬೀಳುತ್ತದೋ ಹಾಗೆ ನೆರಿಗೆ ಬಿದ್ದಿತ್ತು. ಕಿರುಬೆರಳು ಪಕ್ಕದ ಬೆರಳಿಗೆ ಅಂಟಿಕೊಂಡೇ ಹೋಗಿತ್ತು. ಅವರು ರುಬ್ಬುವ ಕಲ್ಲಿನ ಮುಂದೆ ಆ ಕಾಲನ್ನು ಉದ್ದಕ್ಕೆ ಚಾಚಿ ಕೂತರೆ ಚಾಳಿನ ಮಕ್ಕಳೆಲ್ಲ ಅದನ್ನೇ ನೋಡುತ್ತಿದ್ದವು. "ಇದೆಂತದು ದೊಡ್ಡಮ್ಮ?" ಎಂದು ಕೇಳಿದರೆ, "ಮೊಸಳೆ ಹಿಡಿದದ್ದು" ಅನ್ನುವರು. ಮಕ್ಕಳು ನಂಬುತ್ತಿದ್ದವು. ಹತ್ತೊಂಬತ್ತು ವರ್ಷದ ನಾನೂ ಕೆಲವು ದಿನ ನಂಬಿದ್ದೆ. ಅವರ ಊರು ಉಡುಪಿ ಕಡೆ, ಅಲ್ಲಿ ಎಲ್ಲಿ ನೋಡಿದರೂ ಹೊಳೆಯಂತೆ, ಮೊಸಳೆಗೇನು ಬರ ಅಂದುಕೊಂಡಿದ್ದೆ. ಮೈಸೂರಿನವಳಿಗೆ ನೀರು ಅಂದರೆ ನಲ್ಲಿ, ಇಲ್ಲವೇ ಕೆರೆ.

ಅವರು ಯಾರಿಗೂ ದೊಡ್ಡಮ್ಮನಲ್ಲ, ಆದ್ದರಿಂದ ಎಲ್ಲರಿಗೂ ದೊಡ್ಡಮ್ಮ. ಮುಂಬಯಿಯ ಮಾಟುಂಗದ ನಮ್ಮ ಚಾಳಿನ ಎರಡನೇ ಮಾಳಿಗೆಯಲ್ಲಿ, ಎಲ್ಲರ ಬಾಗಿಲ ಮುಂದೆ ಹಾಯುವ ಗ್ಯಾಲರಿಯ ಕಟ್ಟಕಡೆಯ ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಅವರದು. ಗಂಡ ಬೀದಿ ತುದಿಯ ಹೋಟೆಲಿನಲ್ಲಿ ಅಡುಗೆಯವರಾಗಿದ್ದು, ನಾನು ಬರುವುದಕ್ಕೆ ಎಷ್ಟೋ ಮುಂಚೆ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಊರಿಗೆ ಹೋಗಿ ಮೈದುನರ ಮನೆಯ ಮೂಲೆಯಲ್ಲಿ ಕೂರುವುದಕ್ಕಿಂತ ಇಲ್ಲೇ ಕಲ್ಲು ತಿರುಗಿಸುತ್ತೇನೆ ಎಂದು, ಅದೇ ಹೋಟೆಲಿಗೆ ಇಡ್ಲಿ ದೋಸೆಯ ಹಿಟ್ಟು ರುಬ್ಬಿಕೊಡುತ್ತ ಉಳಿದಿದ್ದರು. ಖೋಲಿಯೊಳಗೆ ಕಲ್ಲಿಗೆ ಜಾಗವಿಲ್ಲದೆ ಅದು ಗ್ಯಾಲರಿಗೆ ಬಂದಿತ್ತು. ಕಲ್ಲಿನ ಪಕ್ಕದಲ್ಲಿ ತುಕ್ಕು ಹಿಡಿದ ಎಣ್ಣೆ ಡಬ್ಬಿಯೊಂದರಲ್ಲಿ ಕರಿಬೇವಿನ ಗಿಡ. ಯಾರು ಬೇಕಾದರೂ ಒಂದು ಎಸಳು ಕಿತ್ತುಕೊಂಡು ಹೋಗಬಹುದು, ಕೇಳಬೇಕಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಕಲ್ಲು ತಿರುಗಿಸುತ್ತ ಅವರು ಕಥೆ ಹೇಳುತ್ತಿದ್ದರು. ಊಟ ಮುಗಿಸಿದ ಹೆಂಗಸರು ಅಕ್ಕಿ ಆರಿಸುವ ಮೊರವನ್ನೋ ಹೊಲಿಗೆಯನ್ನೋ ಹಿಡಿದುಕೊಂಡು ಬಂದು ಸುತ್ತ ಕೂರುವರು. ಕನ್ನಡ ಅರ್ಧಂಬರ್ಧ ಬರುವ, ಎಲ್ಲರೂ ಮರಾಠಿ ಬಾಯಿ ಅನ್ನುವ ಪಕ್ಕದ ಖೋಲಿಯ ಹೆಂಗಸೂ ಬರುವಳು. ಕಥೆ ಒಂದೇ. ಪುರಾಣದ ಆ ಆನೆ ಮೊಸಳೆಯ ಕಥೆ, ವಾರ ವಾರವೂ ಅದೇ. "ದೊಡ್ಡಮ್ಮ, ಪುರಾಣದಲ್ಲಿ ಬೇರೆ ಯಾರೂ ಇಲ್ವಾ?" ಎಂದು ಯಾರಾದರೂ ಕೀಟಲೆ ಮಾಡಿದರೆ, "ಇದ್ದಾರೆ ಮಾರಾಯ್ತಿ, ರಾಶಿ ಜನ ಇದ್ದಾರೆ. ಮೊದಲು ಇದು ನಿನ್ನ ತಲೆಗೆ ಹೋಗ್ಲಿ" ಅನ್ನುವರು.

ಅವರ ಆನೆ ನಡೆದರೆ ಲೋಕಲ್ ರೈಲು ಹೋದ ಹಾಗೆ ನೆಲ ನಡುಗುತ್ತಿತ್ತು. ಹೆಂಡಂದಿರು, ಮಕ್ಕಳು, ಮರಿಗಳು, ನೆಂಟರ ದಂಡನ್ನೇ ಕಟ್ಟಿಕೊಂಡು ಅದು ನೀರಿಗಿಳಿಯುತ್ತದೆ. ಮೊಸಳೆ ಬಂದು ಕಾಲು ಹಿಡಿಯುತ್ತದೆ. ಆನೆ ದಡಕ್ಕೆ ಎಳೆಯುತ್ತದೆ, ಮೊಸಳೆ ಮಡುವಿಗೆ ಎಳೆಯುತ್ತದೆ. ನೆಂಟರು ನಾಲ್ಕು ದಿನ ಕೈಜೋಡಿಸಿ, "ನಮಗೂ ಹಸಿವೆ ಆಗ್ತದೆ ಅಲ್ವಾ?" ಎಂದು ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಸಾವಿರ ವರ್ಷ ಹೀಗೆ. ಕೊನೆಗೆ ಶಕ್ತಿಯೆಲ್ಲ ಬತ್ತಿ ಸೊಂಡಿಲು ಮಾತ್ರ ನೀರಿನ ಮೇಲೆ ಉಳಿದಾಗ, ಆನೆ ಒಂದು ತಾವರೆಯನ್ನು ಕಿತ್ತು ಮೇಲಕ್ಕೆತ್ತಿ ಕೂಗುತ್ತದೆ.

ಆ ಜಾಗಕ್ಕೆ ಬಂದಾಗ ದೊಡ್ಡಮ್ಮ ಕಲ್ಲು ನಿಲ್ಲಿಸುವರು. ಕೂತವರೆಲ್ಲ ಗಟ್ಟಿಯಾಗಿ "ನಾರಾಯಣಾ!" ಎಂದು ಕೂಗಬೇಕು. ಹಿರಿಯರು ಕಿರಿಯರು ಎಂಬ ವಿನಾಯಿತಿ ಇಲ್ಲ. ಕೂಗದೆ ಕಥೆ ಮುಂದೆ ಹೋಗದು, ಹಿಟ್ಟೂ ಮುಂದೆ ಹೋಗದು. ಕೂಗಿದ ಮೇಲೆ ದೇವರು ಬರುವನು. "ಹೇಗೆ ಬಂದ ಗೊತ್ತುಂಟಾ? ಊಟಕ್ಕೆ ಕೂತಿದ್ದ. ಕೈಯಲ್ಲಿ ತುತ್ತು ಉಂಟು. ಕೂಗು ಕೇಳಿತು. ಕೈ ತೊಳೀಲಿಲ್ಲ, ಚಪ್ಪಲಿ ಹಾಕ್ಲಿಲ್ಲ, ಹೆಂಡ್ತಿಗೆ ಈಗ ಬಂದೆ ಅಂತ ಸಹ ಹೇಳ್ಲಿಲ್ಲ. ಎಂಜಲು ಕೈಯಲ್ಲೇ ಓಡಿದ." ಆನೆಗೆ ಬಿಡುಗಡೆ. ಆಮೇಲೆ, ತಪ್ಪದೆ, "ಮೊಸಳೆಗೂ ಬಿಡುಗಡೆ. ಯಾಕೆ? ಏನೇ ಆಗ್ಲಿ, ಅದು ಹಿಡಿದದ್ದು ಭಕ್ತನ ಕಾಲು ಅಲ್ವಾ?"

ಕೂಗುವ ಹೊತ್ತಿಗೆ ನಾನು ತುಟಿ ಮಾತ್ರ ಆಡಿಸುತ್ತಿದ್ದೆ. ನಾನು ಹೆಡ್‌ಮಾಸ್ಟರ ಮಗಳು. ಹೆಣ್ಣುಮಕ್ಕಳ ದನಿ ಹೊಸಿಲು ದಾಟಬಾರದು ಎಂದು ಬೆಳೆದವಳು. ಮಾತೆತ್ತಿದರೆ "ನಮ್ಮ ಮೈಸೂರಲ್ಲಿ ಹೀಗಲ್ಲ" ಎನ್ನುತ್ತಿದ್ದೆ. ಗ್ಯಾಲರಿಯ ಹೆಂಗಸರು ನನ್ನ ಬೆನ್ನ ಹಿಂದೆ ಅದನ್ನೇ ನನ್ನ ರಾಗದಲ್ಲಿ ಆಡಿ ನಗುತ್ತಿದ್ದರು. ನಾನು ಕೂಗದ್ದು ದೊಡ್ಡಮ್ಮನ ಕಿವಿಗೆ ತಪ್ಪುತ್ತಿರಲಿಲ್ಲ. ನನ್ನ ಕಡೆ ನೋಡದೆಯೇ, "ಒಂದು ಸ್ವರ ಕಡಿಮೆ ಉಂಟಪ್ಪ" ಎಂದು ಸ್ವಲ್ಪ ಹೊತ್ತು ಕಾಯುವರು. ನಾನು ಮೊರದಲ್ಲಿ ಕಲ್ಲು ಹುಡುಕುತ್ತಿದ್ದೆ. ಅವರು ನಿಟ್ಟುಸಿರುಬಿಟ್ಟು ಮತ್ತೆ ಕಲ್ಲು ತಿರುಗಿಸುವರು.

ಒಮ್ಮೆ ಎದುರು ಖೋಲಿಯ ಹುಡುಗಿ ಕೇಳಿದಳು: "ಸಾವಿರ ವರ್ಷ ಯಾಕೆ ಸುಮ್ನಿತ್ತು ದೊಡ್ಡಮ್ಮ? ಮೊದಲ ದಿನವೇ ಕೂಗಿದ್ರೆ ಆಗ್ತಿತ್ತಲ್ಲ?"

"ಆಗ್ತಿತ್ತು. ನಾಚಿಕೆ ಮಗಾ. ಅಷ್ಟು ದೊಡ್ಡ ಆನೆ, ಕೂಗಿದ್ರೆ ನಾಲ್ಕು ಜನ ಎಂತ ಹೇಳ್ತಾರೆ? ಮೊಸಳೆ ಹಿಡಿದದ್ದು ಕಾಲನ್ನು ಅಂತ ನೀವು ತಿಳ್ಕೊಂಡಿದ್ದೀರಿ. ಅದು ಹಿಡಿದದ್ದು ಬಾಯನ್ನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಕಾಲು ಆಗಲೇ ನೀರಿನೊಳಗಿತ್ತು.

ನನ್ನ ಯಜಮಾನರು ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. "ಮುಂಬಯಿಯ ಕೆಲಸ ನೀರ ಮೇಲಿನ ಗುಳ್ಳೆ" ಎಂದು ನಮ್ಮಪ್ಪ ಮದುವೆಗೆ ಮುಂಚೆ ಹೇಳಿದ್ದಕ್ಕೆ, ಇವರು "ನೋಡ್ತಾ ಇರಿ ಮಾವ, ವರ್ಷ ಕಳೆಯೋದ್ರೊಳಗೆ ನಿಮ್ಮನ್ನ ಕರೆಸಿಕೊಂಡು ಊರೆಲ್ಲ ತೋರಿಸ್ತೀನಿ" ಎಂದು ಎದೆಯುಬ್ಬಿಸಿ ನನ್ನನ್ನು ಕರೆತಂದಿದ್ದರು. ಆ ಮಳೆಗಾಲದಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ನಾನು ಆಗ ಐದು ತಿಂಗಳ ಬಸುರಿ. "ಯಾರಿಗೂ ಹೇಳಬೇಡ, ಇನ್ನೊಂದು ಕೆಲಸ ಸಿಕ್ಕಿದ ಮೇಲೆ ಹೇಳಿದರಾಯ್ತು" ಎಂದರು. ನಾನೇಕೆ ಹೇಳಲಿ? ಹೇಳುವುದು ನನಗೂ ಬೇಕಿರಲಿಲ್ಲ. ಮರುದಿನದಿಂದ ಇವರು ಎಂದಿನಂತೆ ಅಂಗಿಗೆ ಇಸ್ತ್ರಿ ಮಾಡಿಕೊಂಡು, ಊಟದ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೊರಟರು. ಡಬ್ಬಿಯಲ್ಲಿ ಏನೂ ಇರುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಸದ್ದಾಗದಿರಲೆಂದು ಒಳಗೆ ಒಂದು ಬಟ್ಟೆಯ ಚೂರು ಇಡುತ್ತಿದ್ದೆ.

ರಾತ್ರಿಗೆ ಹೇಗೋ ಒಂದು ಗಂಜಿಯಾಗುತ್ತಿತ್ತು. ಮಧ್ಯಾಹ್ನದ್ದೇ ತೊಂದರೆ. ಚಾಳಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಮೂಗಿಗೆ ಗೊತ್ತಾಗುತ್ತದೆ. ಒಂದು ಮನೆಯಿಂದ ವಾಸನೆ ಬರದಿದ್ದರೆ ಸಂಜೆಯ ಹೊತ್ತಿಗೆ ನಲ್ಲಿಯ ಹತ್ತಿರ ಅದೇ ಮಾತು. ನಾನೊಂದು ಉಪಾಯ ಕಂಡುಕೊಂಡೆ. ಎಲ್ಲರ ಅಡುಗೆಯ ಹೊತ್ತಿಗೆ ಬಾಗಿಲಿಗೆ ಅಗುಳಿ ಹಾಕಿ, ಸ್ಟೋವ್ ಹಚ್ಚಿ, ಬಾಣಲೆಗೆ ಒಂದು ಹನಿ ಎಣ್ಣೆ, ನಾಲ್ಕು ಕಾಳು ಸಾಸಿವೆ, ದೊಡ್ಡಮ್ಮನ ಗಿಡದ ಒಂದು ಎಸಳು ಕರಿಬೇವು ಹಾಕುತ್ತಿದ್ದೆ. ಚಟಪಟ ಎಂದು ಸಿಡಿದು ಘಮಘಮ ಎನ್ನುವುದು. ಬಾಗಿಲ ಸಂದಿಯಿಂದ ಆ ಘಮ ಗ್ಯಾಲರಿಗೆ ಹೋಗುವುದು. ಅಷ್ಟೇ. ಆ ಒಗ್ಗರಣೆಯನ್ನು ಸುರಿಯಲು ಕೆಳಗೆ ಸಾರೂ ಇಲ್ಲ, ಹುಳಿಯೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನನ್ನದು ಅದಕ್ಕಿಂತ ಒಂದು ಕೈ ಮೇಲು. ಬಾಣಲೆಯಲ್ಲಿ ಉಳಿದ ಸೀದ ಸಾಸಿವೆಯನ್ನು ತಿಂದು, ನೀರು ಕುಡಿದು, ಸೆರಗಿನಿಂದ ಬಾಯಿ ಒರಸಿಕೊಂಡು, ಊಟ ಮಾಡಿದವಳ ಹಾಗೆ ಗ್ಯಾಲರಿಗೆ ಬರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ನನಗೆ ಹಾಲೂ ಇರಲಿಲ್ಲ.

ಒಂದು ದಿನ ದೊಡ್ಡಮ್ಮ ಪಾತ್ರೆ ತುಂಬ ಇಡ್ಲಿ ಹಿಟ್ಟು ತಂದು, "ಹೆಚ್ಚಾಯ್ತು, ಹೋಟೆಲಿನವರಿಗೆ ಇಷ್ಟು ಬೇಡಂತೆ" ಎಂದು ಬಾಗಿಲಲ್ಲಿ ಇಟ್ಟರು. ಅವರು ಅಳತೆಗಿಂತ ಹೆಚ್ಚು ರುಬ್ಬುವವರಲ್ಲ ಎಂದು ಇಡೀ ಚಾಳಿಗೆ ಗೊತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮನಿಗೆ ಗೊತ್ತಾಗಿದೆ ಎಂದು ಹೆದರಿಕೆ, ಗೊತ್ತಾಗುವಂಥದ್ದೇನೂ ಇಲ್ಲ ಎಂದು ತೋರಿಸುವ ಹಟ. "ಬೇಡ ದೊಡ್ಡಮ್ಮ, ನಮ್ಮನೇಲಿ ಹುಳಿ ಹಿಟ್ಟು ಆಗಿಬರಲ್ಲ" ಎಂದೆ. ಆ ಮಾತು ಸಾಲದೆಂದು ಇನ್ನೊಂದು ಹೆಚ್ಚುಗಾರಿಕೆ ಮಾಡಿದೆ. ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂಬುದು ನಮ್ಮಮ್ಮನ ಪಾಠ. ಹಿಟ್ಟು ತುಂಬಿದ ಪಾತ್ರೆಗೆ ಆ ಪಾಠ ಅನ್ವಯಿಸುವುದೇ ಇಲ್ಲ. ಆದರೂ ಮನೆಯಲ್ಲಿ ಉಳಿದಿದ್ದ ಕೊನೆಯ ಬೆಲ್ಲದ ಅಚ್ಚನ್ನು ಮುಚ್ಚಳದ ಮೇಲಿಟ್ಟು ಕೊಟ್ಟೆ. ಇವರು ಸಂಜೆ ಬಂದಾಗ ನೀರಿಗೆ ಕದಡಿ ಕೊಡುತ್ತಿದ್ದದ್ದು ಅದೇ ಬೆಲ್ಲ. ದೊಡ್ಡಮ್ಮ ಬೆಲ್ಲವನ್ನು ನೋಡಿದರು, ನನ್ನ ಮುಖ ನೋಡಿದರು. "ಒಳ್ಳೆ ಬೆಲ್ಲ" ಎಂದಷ್ಟೇ ಹೇಳಿ ಕುಂಟುತ್ತ ಹೋದರು. ಅವತ್ತು ಸಂಜೆ ಇವರಿಗೆ ಬರೀ ನೀರು ಕೊಟ್ಟೆ.

ಅದಾದ ಮುಂದಿನ ಶನಿವಾರ ನಾನು ಕಥೆಗೆ ಹೋಗಲಿಲ್ಲ. ತಲೆ ಸುತ್ತಿ ಮಲಗಿದವಳು ಏಳುವಾಗ ಎಲ್ಲರ ಊಟವೂ ಮುಗಿದಿತ್ತು. ತಡವಾದರೂ ಒಗ್ಗರಣೆಯನ್ನಂತೂ ಬಿಡಲಿಲ್ಲ, ಅದಕ್ಕೆ ಮೀರಿದ ನಿತ್ಯಕರ್ಮ ಇರಲಿಲ್ಲವಲ್ಲ! ಅಗುಳಿ ಹಾಕಿ ಬಾಣಲೆ ಇಟ್ಟು ಸಾಸಿವೆ ಹಾಕಿದ್ದೇ ಹೊಟ್ಟೆಯ ಕೆಳಗೆ ಯಾರೋ ತಿವಿದ ಹಾಗಾಗಿ ಕುಸಿದು ಕೂತೆ. ಆಮೇಲೆ ಕೂರಲೂ ಆಗಲಿಲ್ಲ. ನೆಲದ ಮೇಲೆ ಒರಗಿದಾಗ ಸೀರೆ ಒದ್ದೆಯಾದದ್ದು ತಿಳಿಯಿತು. ಕೈಯಲ್ಲಿ ಮುಟ್ಟಿ ನೋಡಿಕೊಂಡೆ, ರಕ್ತ.

ಅಗುಳಿ ಕೈಗೆಟುಕದಷ್ಟು ಎತ್ತರದಲ್ಲಿತ್ತು. ಬಾಗಿಲಾಚೆ ಇಡೀ ಗ್ಯಾಲರಿ ಇತ್ತು. ದೊಡ್ಡಮ್ಮನ ಕಲ್ಲಿನ ಗರಗರ, ಅವರ ದನಿ, ಬಳೆಗಳ ಸದ್ದು, ಎಲ್ಲ ಕೇಳುತ್ತಿತ್ತು. ಒಂದು ಕೂಗು ಹಾಕಿದರೆ ಸಾಕು, ಹತ್ತು ಜನ ಬರುತ್ತಾರೆ. ನಾನು ಏನು ಯೋಚಿಸಿದೆ ಗೊತ್ತೆ? ಹೊಟ್ಟೆಯಲ್ಲಿದ್ದ ಕೂಸನ್ನಲ್ಲ. ಅವರು ಒಳಗೆ ಬಂದರೆ ಗೂಡಿನಲ್ಲಿ ಸಾಲಾಗಿಟ್ಟ ಖಾಲಿ ಡಬ್ಬಿಗಳನ್ನು ನೋಡುತ್ತಾರಲ್ಲ, ಎಂದು ಯೋಚಿಸಿದೆ. ಸ್ಟೋವಿನ ಮೇಲೆ ಕೆಳಗೇನೂ ಇಲ್ಲದ ಒಗ್ಗರಣೆ ಇದೆಯಲ್ಲ, ಎಂದು ಯೋಚಿಸಿದೆ.

ಆಚೆ ಆನೆಯ ನೆಂಟರು ಒಬ್ಬೊಬ್ಬರೇ ಹೊರಟುಹೋದರು. ಸೊಂಡಿಲು ಮಾತ್ರ ಉಳಿಯಿತು. ಕಲ್ಲು ನಿಂತಿತು. "ನಾರಾಯಣಾ!" ಎಂದು ಎಲ್ಲರೂ ಕೂಗಿದರು. ಮರಾಠಿ ಬಾಯಿಯ ದನಿ ಎಲ್ಲರಿಗಿಂತ ಮೇಲೆ ಕೇಳಿತು. ಇನ್ನು ಕಲ್ಲು ಸುತ್ತುತ್ತದೆ, ದೇವರು ಓಡಿಬರುತ್ತಾನೆ ಎಂದುಕೊಂಡೆ. ಕಲ್ಲು ಸುತ್ತಲಿಲ್ಲ.

"ಒಂದು ಸ್ವರ ಕಡಿಮೆ ಉಂಟು" ಎಂದರು ದೊಡ್ಡಮ್ಮ.

"ಮೈಸೂರಮ್ಮ ಇವತ್ತು ಬರಲೇ ಇಲ್ವಲ್ಲ" ಎಂದು ಯಾರೋ ಹೇಳಿದರು.

"ಗೊತ್ತುಂಟು. ಕಾಯುವಾ."

ಗ್ಯಾಲರಿಯೆಲ್ಲ ಮೌನವಾಯಿತು. ಆ ಮೌನ ನನ್ನ ಬಾಗಿಲಿಗೇ ಬಂದು ನಿಂತ ಹಾಗಿತ್ತು. ನಾರಾಯಣನ ಹೆಸರು ನನ್ನ ಬಾಯಿಗೆ ಬರಲಿಲ್ಲ. "ದೊಡ್ಡಮ್ಮಾ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಒಮ್ಮೆ ಬಾಯಿ ಬಿಟ್ಟಮೇಲೆ ನಿಲ್ಲಿಸಲಾಗಲಿಲ್ಲ. "ದೊಡ್ಡಮ್ಮಾ, ಬನ್ನಿ, ಬನ್ನಿ" ಎಂದು ಅಳುತ್ತ ಕೂಗಿದೆ.

ಕುಂಟುಕಾಲು ಓಡಿಬರುವ ಸದ್ದು ಹೇಗಿರುತ್ತದೆಂದು ಅವತ್ತು ಕೇಳಿದೆ. "ದಾರ್ ಉಘಡಾ, ಅಗೋ ದಾರ್ ಉಘಡಾ!" ಎಂದು ಮರಾಠಿ ಬಾಯಿ ಬಾಗಿಲು ತೆಗೆಯಲು ಕೂಗುತ್ತಿದ್ದಳು. ತೆಗೆಯುವವರು ಯಾರು? ಅವಳೇ ಹೆಗಲು ಕೊಟ್ಟು ನೂಕಿದಾಗ ಅಗುಳಿ ಕಿತ್ತುಬಂತು. ಮೊದಲು ಒಳಗೆ ಬಂದವರು ದೊಡ್ಡಮ್ಮ. ಎರಡೂ ಕೈಗೆ ಮೊಣಕೈಯವರೆಗೆ ಹಿಟ್ಟು. ಆ ಕೈಯಲ್ಲೇ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಖೋಲಿಯೆಲ್ಲ ಹೊಗೆ ತುಂಬಿತ್ತು. ಯಾರೋ ಸ್ಟೋವ್ ಆರಿಸಿದರು, ಯಾರೋ ಡಾಕ್ಟರನ್ನು ಕರೆಯಲು ಇಳಿದು ಓಡಿದರು. ದೊಡ್ಡಮ್ಮ ಗೂಡಿನ ಡಬ್ಬಿಗಳ ಕಡೆ ಒಮ್ಮೆ ನೋಡಿ, ಬಾಣಲೆಯ ಕಡೆ ನೋಡಿ, "ಒಗ್ಗರಣೆ ಸೀದುಹೋಯ್ತಲ್ಲ ಹೆಣ್ಣೇ" ಎಂದರು. ಅಷ್ಟು ನೋವಿನಲ್ಲೂ ನಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ.

ಕೂಸು ಉಳಿಯಿತು. "ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ" ಎಂದು ಡಾಕ್ಟರು ಶುರುಮಾಡಿದ ವಾಕ್ಯವನ್ನು ಮುಗಿಸಲಿಲ್ಲ. ಸಂಜೆ ಇವರು ಬಂದಾಗ ಖೋಲಿಯ ತುಂಬ ಹೆಂಗಸರಿದ್ದರು. ಖಾಲಿ ಡಬ್ಬಿ ಹಿಡಿದುಕೊಂಡು ಮುರಿದ ಬಾಗಿಲಲ್ಲೇ ನಿಂತುಬಿಟ್ಟರು. ದೊಡ್ಡಮ್ಮ ಆ ಡಬ್ಬಿ ಇಸಿದುಕೊಂಡು, ಮುಚ್ಚಳ ತೆಗೆದು, ಒಳಗಿದ್ದ ಬಟ್ಟೆ ಚೂರನ್ನು ಎತ್ತಿ ಪಕ್ಕಕ್ಕಿಟ್ಟು, ಅದಕ್ಕೆ ಅನ್ನ ಹುಳಿ ತುಂಬಿ ಇವರ ಕೈಗೆ ಕೊಟ್ಟರು. "ಮೊದಲು ಉಣ್ಣಿ. ನಾಳೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರ್ಲಿಕ್ಕೆ ಜನ ಬೇಕಂತೆ, ಹೋಗಿ ಮಾತಾಡಿ. ನಾಚಿಕೆ ಆದ್ರೆ ನಾನು ಬರ್ತೇನೆ ಒಟ್ಟಿಗೆ." ಇವರು ಗೋಡೆಯ ಕಡೆ ಮುಖಮಾಡಿ ಕೂತು ಉಂಡರು. ಇವರ ಬೆನ್ನು ಅಲುಗುತ್ತಿದ್ದದ್ದು ನನಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು.

ಇದಾದ ಮೇಲೆ ನಾನು ಕೃತಜ್ಞತೆಯಿಂದ ಕರಗಿಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬಂದಿತ್ತು. ಎಲ್ಲರ ಮನೆಯಿಂದ ಸಾರು, ಪಲ್ಯ, ಮೆಂತ್ಯದ ಗಂಜಿ ಬರುತ್ತಿತ್ತು. ಪ್ರತಿಯೊಂದೂ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅದರ ಮೇಲೆ ದೊಡ್ಡಮ್ಮ ನನ್ನನ್ನು "ಒಗ್ಗರಣೆ" ಎಂದು ಕರೆಯಲು ಶುರುಮಾಡಿದರು. "ಏ ಒಗ್ಗರಣೇ, ಮಾತ್ರೆ ತಗೊಂಡ್ಯಾ?" ಗ್ಯಾಲರಿಯ ಉದ್ದಕ್ಕೂ ಕೇಳುವ ಹಾಗೆ! ಕ್ರಮೇಣ ಎಲ್ಲರೂ ಅದನ್ನೇ ಹಿಡಿದರು. ಒಂದು ದಿನ ತಡೆಯಲಾರದೆ ಅವರೊಡನೆ ಜಗಳಕ್ಕೇ ನಿಂತೆ. "ಗೊತ್ತಿತ್ತಲ್ಲ ನಿಮಗೆ? ಎಷ್ಟು ದಿನದಿಂದ ಗೊತ್ತಿತ್ತು?"

"ಶುರುವಿಂದ. ಒಗ್ಗರಣೆ ಚಟಪಟ ಆದ್ಮೇಲೆ ಚೊಂಯ್ ಅಂತ ಸಾರಿಗೆ ಬೀಳ್ಬೇಕಲ್ವಾ? ನಿಂದು ಬೀಳುದೇ ಇಲ್ಲ. ಗ್ಯಾಲರಿಯಲ್ಲಿ ಎಲ್ಲರಿಗೂ ಗೊತ್ತಿತ್ತು."

"ಮತ್ಯಾಕೆ ಯಾರೂ ಹೇಳಲಿಲ್ಲ?"

"ಹಿಟ್ಟು ತಂದೆ, ನೀನು ಬೆಲ್ಲ ಕೊಟ್ಟು ಓಡ್ಸಿದೆ. ಕೂಗದವರ ಮನೆಗೆ ಹೇಗೆ ಬರುದು ಮಾರಾಯ್ತಿ?" ಆಮೇಲೆ ಅವರು ತಮ್ಮ ಕಾಲನ್ನು ನನ್ನ ಕಡೆ ಚಾಚಿದರು. "ಇದು ಹೇಗೆ ಆದದ್ದು ಹೇಳ್ತೇನೆ. ನಾನು ಹೊಸ ಸೊಸೆ. ಹೊರಗೆ ನೆಂಟರ ಪಂಕ್ತಿ ಕೂತಿತ್ತು. ಗಂಜಿ ಬಸಿಯುವಾಗ ಹಂಡೆ ಜಾರಿ ಕುದಿಯುವ ತೆಳಿ ಎಲ್ಲ ಕಾಲಿನ ಮೇಲೆ. ಕೂಗಿದ್ರೆ ಮಾವ ಎಂತ ಹೇಳ್ತಾರೆ, ನೆಂಟರು ಎಂತ ಹೇಳ್ತಾರೆ? ಸೀರೆ ಇಳಿಸಿ ಕಾಲು ಮುಚ್ಕೊಂಡು ಪಂಕ್ತಿ ಮುಗಿಯುವ ವರೆಗೆ ಬಡಿಸಿದೆ. ಒಳ್ಳೆ ಸೊಸೆ ಅಂತ ಹೊಗಳಿದರು. ಕಾಲು ಹೋಯ್ತು."

ನನ್ನ ಜಗಳ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ತಲೆ ತಗ್ಗಿಸಿಕೊಂಡು ನಲ್ಲಿಗೆ ಹೋಗ್ತೀಯಲ್ಲ," ಎಂದರು ದೊಡ್ಡಮ್ಮ, "ಆನೆ ನೀರಿಂದ ಮೇಲೆ ಬಂದ ಮೇಲೆ ತಲೆ ತಗ್ಗಿಸಿತಾ? ನಿನ್ನ ತಾವರೆ ಬಾಣಲೆಯಲ್ಲಿ ಸೀದು ಹೋದ್ರೆ ಎಂತಾಯ್ತು, ದೇವರಿಗೆ ಮುಟ್ಟಿತಲ್ಲ." ನನ್ನ ಮಗಳು ಹುಟ್ಟಿದ ಮೇಲೆ ಶನಿವಾರಗಳಲ್ಲಿ ನಾನೂ ಕೂಗಿದೆ. ಮೊದಲ ಸಲ ಕೂಗಿದಾಗ ದೊಡ್ಡಮ್ಮ ಕಲ್ಲು ಬಿಟ್ಟು ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು, ಎಲ್ಲರ ಸೀರೆಗೂ ಹಿಟ್ಟು ಸಿಡಿಯಿತು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಮೊಸಳೆ ಒಮ್ಮೆ ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ ಎಂದು ಪುರಾಣದಲ್ಲಿ ಎಲ್ಲೂ ಹೇಳಿಲ್ಲ.

ಹೋಟೆಲಿನ ಗಲ್ಲಾದಲ್ಲಿ ಕೂತ ಇವರಿಗೆ ಗಿರಾಕಿಯೊಬ್ಬರ ಪರಿಚಯವಾಗಿ, ಅವರ ಕಡೆಯಿಂದ ಮುಂಬಯಿಯ ಕೋಟೆ ಪ್ರದೇಶದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮಗಳು ಮಾತು ಕಲಿಯುವ ಹೊತ್ತಿಗೆ ನಾವು ಸಾಂತಾಕ್ರೂಜಿನ ಒಂದು ಬಿಲ್ಡಿಂಗಿನ ಮೊದಲ ಮಾಳಿಗೆಗೆ ಬಂದೆವು. ಎರಡು ಕೋಣೆ, ಬಾಲ್ಕನಿ, ಮನೆಯೊಳಗೇ ನಲ್ಲಿ! ಮೊದಲು ಹಬ್ಬಕ್ಕೊಮ್ಮೆ ಮಾಟುಂಗಕ್ಕೆ ಹೋಗುತ್ತಿದ್ದೆ, ಆಮೇಲೆ ವರ್ಷಕ್ಕೊಮ್ಮೆ. ಹೊಸ ಬಿಲ್ಡಿಂಗಿನಲ್ಲಿ ನನ್ನ ಹಳೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದು ಎಷ್ಟು ಹಾಯಾಗಿತ್ತು ಎಂಬುದನ್ನು ನಾನು ನನಗೇ ಹೇಳಿಕೊಳ್ಳುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ. ನಮ್ಮಪ್ಪ ಕೊನೆಗೂ ಮೈಸೂರಿನಿಂದ ಬಂದಿದ್ದರು. ಆ ಮಳೆಗಾಲದ ಸುದ್ದಿ ಅವರಿಗೆ ಹೇಳಿರಲೇ ಇಲ್ಲ. ಕಾಗದಗಳಲ್ಲೆಲ್ಲ "ಸುಖವಾಗಿದ್ದೇವೆ" ಎಂದೇ ಬರೆದಿದ್ದೆ. ಇವರ ಕಂಪನಿಯ ಮ್ಯಾನೇಜರು ಹೆಂಡತಿಯೊಡನೆ ತಿಂಡಿಗೆ ಬಂದು ಹೊರಗೆ ಅಪ್ಪನ ಜೊತೆ ಕೂತಿದ್ದರು. ನಾನು ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಆಗ ಕೆಳಗಿನ ರಸ್ತೆಯಿಂದ ಆ ದನಿ ಬಂತು.

"ಏ ಒಗ್ಗರಣೇ! ಒಗ್ಗರಣೇ, ಇದ್ದೀಯಾ?"

ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. "ಏನಪ್ಪ ಇದು, ಒಗ್ಗರಣೆ ಮಾರಿಕೊಂಡು ಬರ್ತಾರಾ ಈ ಊರಲ್ಲಿ?" ಎಂದು ಅಪ್ಪ ನಗುವುದು ಕೇಳಿಸಿತು. ಮ್ಯಾನೇಜರ ಹೆಂಡತಿಯೂ ನಕ್ಕರು. ಇವರು ನಗಲಿಲ್ಲ. ಇನ್ನೊಮ್ಮೆ ಕೂಗು ಬಂತು. ಕೂಗಬೇಡಿ ದೊಡ್ಡಮ್ಮ, ಇವತ್ತೊಂದು ದಿನ ಹೋಗಿಬಿಡಿ, ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಹೌದು, ನಾನೇ ಬೇಡಿಕೊಂಡೆ.

ಅಷ್ಟರಲ್ಲಿ ಮಗಳು ಬಾಲ್ಕನಿಯಿಂದ ಓಡಿಬಂದಳು. "ಅಮ್ಮಾ, ಕೆಳಗೆ ಮೆಟ್ಟಿಲ ಮೇಲೆ ಒಬ್ಬರು ಅಜ್ಜಿ ಕೂತಿದ್ದಾರೆ. ಕಾಲಿಗೆ ಏನಾಯ್ತು ಅಂತ ಕೂಗಿ ಕೇಳಿದ್ರೆ, ಮೊಸಳೆ ಹಿಡಿದದ್ದು ಅಂದ್ರು!"

ಆ ಕೂಸು ಉಳಿದದ್ದೇ ಯಾರಿಂದ? ಮೂರನೆಯ ಕೂಗು ಬರುವಾಗ ನಾನು ಮೆಟ್ಟಿಲು ಇಳಿಯುತ್ತಿದ್ದೆ. ದೊಡ್ಡಮ್ಮ ತಮ್ಮ ಟ್ರಂಕಿನ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದರು. ಲೋಕಲ್ಲಿನ ಜನಜಂಗುಳಿಯಲ್ಲಿ ಅವರನ್ನು ಕೈಹಿಡಿದು ಕರೆತಂದ ಮರಾಠಿ ಬಾಯಿ ಬೆವರು ಒರಸಿಕೊಳ್ಳುತ್ತ ನಿಂತಿದ್ದಳು. ದೊಡ್ಡಮ್ಮನ ಕಣ್ಣ ಮೇಲೆ ಪೊರೆ ಬಂದಿತ್ತು. ನನ್ನ ಹೆಜ್ಜೆಯ ಸದ್ದಿನ ಕಡೆ ಮುಖ ತಿರುಗಿಸಿದರು.

"ದೊಡ್ಡಮ್ಮ, ಸ್ಟೋವಿನ ಸದ್ದಲ್ಲಿ ಕೇಳಿಸಲೇ ಇಲ್ಲ" ಎಂದೆ.

"ಹೌದಾ? ಸ್ಟೋವ್ ಅಂದ್ರೆ ಹಾಗೇ" ಎಂದರು. "ನೋಡು, ಕಣ್ಣು ಹೋಯ್ತು. ಇನ್ನು ಕಲ್ಲು ತಿರುಗಿಸ್ಲಿಕ್ಕೆ ಆಗುದಿಲ್ಲ, ಖೋಲಿಯೂ ಬಿಡ್ಬೇಕು. ನಿನ್ನ ಮನೆಯಲ್ಲಿ ಇಟ್ಕೊಳ್ತೀಯಾ? ಇಲ್ಲ ಅಂದ್ರೆ ಬೇಜಾರಿಲ್ಲ ಹೆಣ್ಣೇ, ಇನ್ನೊಂದು ಮನೆ ಮುಂದೆ ಕೂಗ್ತೇನೆ. ಕೂಗ್ಲಿಕ್ಕೆ ನಂಗೆ ನಾಚಿಕೆ ಇಲ್ಲ."

ಹಿಟ್ಟಿನ ಕೈಯಲ್ಲೇ ಅವರನ್ನು ಎಬ್ಬಿಸಿ ಮೇಲೆ ಕರೆತಂದೆ. ಅಪ್ಪನ ಮುಂದೆ, ಮ್ಯಾನೇಜರ ಮುಂದೆ, ದೊಡ್ಡಮ್ಮ ಯಾರು, ನನ್ನ ಹೆಸರು ಒಗ್ಗರಣೆ ಏಕಾಯಿತು ಎಂಬುದನ್ನೆಲ್ಲ ಹೇಳಿದೆ. ಕೆನ್ನೆ ಉರಿಯುತ್ತಿತ್ತು, ಆದರೂ ಹೇಳಿದೆ. ಅಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರಸಿದರು. "ಒಂದು ಕಾಗದ ಹಾಕಬಾರದಾಗಿತ್ತೇನಮ್ಮ?" ಎಂದಷ್ಟೇ ಕೇಳಿದರು. ಊರಿಗೆ ಹೊರಡುವ ಮುಂಚೆ ಒಂದು ಮಧ್ಯಾಹ್ನ ದೊಡ್ಡಮ್ಮನ ಮುಂದೆ ಕೂತು ಕಥೆ ಕೇಳಿದರು, ಆ ಜಾಗ ಬಂದಾಗ, ಜನ್ಮದಲ್ಲಿ ದನಿ ಎತ್ತರಿಸದ ನಮ್ಮಪ್ಪ ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ "ನಾರಾಯಣಾ!" ಎಂದು ಕೂಗಿದರು. "ಗಂಡಸರ ಸ್ವರ ಸಹ ಬಂತು" ಎಂದು ದೊಡ್ಡಮ್ಮ ಹಿಗ್ಗಿದರು.

ಅವರು ನಮ್ಮ ಮನೆಯಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದರು. ಬೇಕಾದದ್ದನ್ನೆಲ್ಲ ಕೂಗಿ ಕೇಳುವರು: ನೀರು, ಎಲೆಯಡಿಕೆ, ಬಚ್ಚಲಿಗೆ ಕರೆದೊಯ್ಯುವ ಕೈ. ಒಂದು ದಿನವೂ ಸಂಕೋಚಪಡಲಿಲ್ಲ. ಅದರಿಂದಾಗಿ ನನಗೂ ಒಂದು ದಿನವೂ ಭಾರವೆನಿಸಲಿಲ್ಲ. ಸಹಾಯ ಕೇಳುವುದರಲ್ಲಿ ಒಂದು ದಾನವಿದೆ ಎಂದು ನನಗೆ ಆಗ ತಿಳಿಯಿತು.

ಬೇಸಿಗೆ ಕಾಲಿಡುವ ಹೊತ್ತಿಗೆ ಅವರು ಹಾಸಿಗೆ ಬಿಟ್ಟು ಏಳದಾದರು. ಒಂದು ಬೆಳಿಗ್ಗೆ ಹುಳಿಗೆ ಒಗ್ಗರಣೆ ಇಟ್ಟಿದ್ದೆ. ಒಳಗಿನಿಂದ "ಒಗ್ಗರಣೇ" ಎಂದರು. ದನಿ ತೀರ ಸಣ್ಣದಾಗಿತ್ತು. ಸ್ಟೋವ್ ಭರ್ರೆಂದು ಉರಿಯುತ್ತಿತ್ತು, ಆದರೂ ಕೇಳಿಸಿತು. ಹುಣಸೆಹಣ್ಣಿನ ಕೈಯಲ್ಲೇ ಓಡಿದೆ. ನನ್ನ ಕೈಯನ್ನು ಹಿಡಿದು, ಅಂಟಂಟಾದ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿ ಸ್ವಲ್ಪ ನಕ್ಕರು. ನೀರು ಕುಡಿಸಿದೆ, ಎರಡು ಗುಟುಕು ಇಳಿಯಿತು.

"ಈ ಸಲ ಒಂದೇ ಕೂಗಿಗೆ ಬಂದೆ" ಎಂದರು.

ಅವರು ಆಡಿದ ಕೊನೆಯ ಮಾತು ಅದು. ಸ್ಟೋವಿನ ಸದ್ದು ಎಂದ ನನ್ನ ಸುಳ್ಳನ್ನು ಅಷ್ಟು ದಿನ, ನನ್ನ ಮನೆಯಲ್ಲೇ ಉಂಡು ಮಲಗಿ, ಒಂದು ಚುಚ್ಚುಮಾತೂ ಆಡದೆ ಇಟ್ಟುಕೊಂಡಿದ್ದರು. ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು. ನಾನು ಏಳಲಿಲ್ಲ. ಹಾಸಿಗೆಯ ಕೆಳತುದಿಗೆ ಸರಿದು, ನೆರಿಗೆಬಿದ್ದ ಆ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ತಣ್ಣಗಾಗುವವರೆಗೂ ಬಿಡಲಿಲ್ಲ. ಕಾಲು ಹಿಡಿದ ಮೊಸಳೆಗೂ ಬಿಡುಗಡೆ ಸಿಕ್ಕಿತು ಎಂದು ಅವರೇ ಹೇಳುತ್ತಿದ್ದರಲ್ಲ.